ದೆವ್ವದ ಮನೆ ನೋಡಲು ವಿದೇಶಕ್ಕೆ: ಯಾರ ಜೊತೆ, ಎಷ್ಟು ದುಡ್ಡಿಗೆ, ಯಾವುದು?

ಒಂದೇ ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಮೊದಲನೆಯದು ದೊಡ್ಡಮ್ಮನದು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಆರು ತಿಂಗಳಿಗೆ ಹೊರಟಿದ್ದರು. "ಅಲ್ಲೇನೋ ದೆವ್ವದ ಬಂಗಲೆ ಇದೆಯಂತಲ್ಲೋ, ಟಿಕೆಟ್ಟಿಗೇ ಮೂರು ನಾಲ್ಕು ಸಾವಿರ ಅಂತೆ, ಹೋಗಬಹುದಾ?" ಅಂದರು. ಎರಡನೆಯವನು ಆಫೀಸಿನ ಗೆಳೆಯ. ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಬ್ರಿಟನ್‌ಗೆ ಹೋಗುವವನು. ಲಂಡನ್ ಟವರ್ ಅನ್ನುವ ಹಳೇ ಕೋಟೆ ಸಾಕಾ, ಸ್ಕಾಟ್ಲೆಂಡಿನ ಎಡಿನ್‌ಬರೋವರೆಗೂ ಹೋಗಬೇಕಾ ಅನ್ನುವುದು ಅವನ ಗೊಂದಲ. ಮೂರನೆಯವರು ಇಬ್ಬರು ಹುಡುಗರು. ಪಾಸ್‌ಪೋರ್ಟ್ ಹೊಸದು, ಜೇಬು ತೆಳ್ಳಗೆ, ಧೈರ್ಯ ಮಾತ್ರ ಜಾಸ್ತಿ. ಮಲೇಷ್ಯಾನಾ, ಇಂಡೋನೇಷ್ಯಾನಾ ಅಂತ ಕೇಳಿದರು.

ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೆ ಭಯ ಇದೆ. ಎರಡೂ ಒಟ್ಟಿಗೆ ಇರಬಹುದು ಅಂತ ಕರೆಂಟು ಹೋದ ಮನೆಯಲ್ಲಿ ಒಬ್ಬರೇ ಇದ್ದವರಿಗೆ ಗೊತ್ತಿರುತ್ತದೆ. ಹಾಗಾಗಿ ದೆವ್ವ ಇದೆಯೋ ಇಲ್ಲವೋ ಅನ್ನುವ ವಾದ ಇಲ್ಲಿ ಬೇಡ. ಕೊಟ್ಟ ದುಡ್ಡಿಗೆ, ತೆಗೆದಿಟ್ಟ ಅರ್ಧ ದಿನಕ್ಕೆ ಯಾವ ಜಾಗ ಬೆಲೆ ಕೊಡುತ್ತದೆ ಅನ್ನುವುದಷ್ಟೇ ಲೆಕ್ಕ.

ಅಳೆಯುವುದು ಹೇಗೆ?

ಮೊದಲನೆಯ ಮಾತು: ದೆವ್ವದ ಮನೆ ನೋಡಬೇಕು ಅಂತಲೇ ವಿಮಾನ ಹತ್ತಬೇಡಿ. ನೀವು ಹೇಗೂ ಹೋಗುತ್ತಿರುವ ದಾರಿಯಲ್ಲಿ ಯಾವುದಿದೆ ನೋಡಿ. ಈ ವಿಷಯದಲ್ಲಿ ಪ್ರವೇಶದ ಟಿಕೆಟ್ ಯಾವತ್ತೂ ದೊಡ್ಡ ಖರ್ಚಲ್ಲ. ವೀಸಾ, ಅಡ್ಡದಾರಿಯ ರೈಲು, ಒಂದು ರಾತ್ರಿ ಹೆಚ್ಚುವರಿ ಹೋಟೆಲ್ಲು, ಇವೇ ಜೇಬು ಕತ್ತರಿಸುವುದು.

ಎರಡನೆಯದು, ನಿಮಗೆ ಬೇಕಿರುವ ಭಯ ಯಾವುದು? ಮೂರು ಥರ ಇದೆ. ಕತ್ತಲಲ್ಲಿ ಬಣ್ಣ ಬಳಿದುಕೊಂಡ ನಟ ಮೇಲೆ ಬಿದ್ದು ಕಿರುಚುವ ಭಯ ಒಂದು. ಚೆನ್ನಾಗಿ ಕತೆ ಹೇಳುವವರ ಮಾತು ಕೇಳುತ್ತ ಬೆನ್ನು ತಣ್ಣಗಾಗುವುದು ಇನ್ನೊಂದು. ಮೂರನೆಯದು ಸುಮ್ನೆ ಖಾಲಿ ಕೋಣೆಯಲ್ಲಿ ನಿಂತಾಗ, ಇಲ್ಲಿ ನಿಜವಾಗಿ ಏನು ನಡೆದಿತ್ತು ಅಂತ ಗೊತ್ತಿರುವುದರಿಂದ ಹುಟ್ಟುವ ಭಯ. ಒಂದನ್ನು ಬಯಸಿ ಇನ್ನೊಂದಕ್ಕೆ ಟಿಕೆಟ್ ತೆಗೆದರೆ ಜಗಳ ಗ್ಯಾರಂಟಿ.

ಮೂರನೆಯದು, ಗುಂಪಿನಲ್ಲಿ ಅತಿ ಕಷ್ಟ ಪಡುವವರು ಯಾರು? ಮಂಡಿ ನೋವಿನ ಅಪ್ಪ, ಬಿಪಿ ಇರುವ ಅತ್ತೆ, ರಾತ್ರಿ ಎದ್ದು ಅಳುವ ಮಗು. ಅವರಿಗೆ ಆಗುವ ಜಾಗವೇ ಎಲ್ಲರಿಗೂ ಆಗುವ ಜಾಗ. ಭಾಷೆಯನ್ನೂ ಇಲ್ಲೇ ಸೇರಿಸಿ. ಇಂಥ ಕಡೆ ಮಾರಾಟವಾಗುವುದೇ ಕತೆ. ಗೈಡ್ ಮಾತಾಡುವ ಇಂಗ್ಲಿಷ್ ಅರ್ಥವಾಗದಿದ್ದರೆ ಅಮ್ಮನಿಗೆ ಅದು ಬರೀ ಹಳೇ ಗೋಡೆ.

ಕೊನೆಯದು ಹೊತ್ತು. ಇದನ್ನು ಯಾರೂ ಹೇಳುವುದಿಲ್ಲ. ನಾವು ಹೊರಡುವುದು ಏಪ್ರಿಲ್-ಮೇ ರಜೆಯಲ್ಲಿ. ಆಗ ಸ್ಕಾಟ್ಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಆಸುಪಾಸು. ಜೂನ್ ಬಂತೆಂದರೆ ಹತ್ತು. ನಾವು ಹೋಗಿದ್ದು ಜೂನ್‌ನಲ್ಲೇ. ರಾತ್ರಿ ಎಂಟೂವರೆಗೆ ಶುರುವಾಗುವ, ಗೈಡ್ ಕತೆ ಹೇಳುತ್ತ ಕರೆದೊಯ್ಯುವ ದೆವ್ವದ ನಡಿಗೆಗೆ ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, "ಇದೇನೋ, ಬಿಸಿಲಲ್ಲಿ ದೆವ್ವ ತೋರಿಸ್ತಾರಾ?" ಅಂದಿದ್ದರು.

ಎಡಿನ್‌ಬರೋ: ಕತೆ ಬೇಕೆನ್ನುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಈ ಊರಿಗೆ. ಒಂದೇ ಊರಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಮೂರು ಜಾಗ. ಮೂರರ ರುಚಿಯೂ ಬೇರೆ.

ಗ್ರೇಫ್ರಯರ್ಸ್ ಕರ್ಕ್‌ಯಾರ್ಡ್ ಅನ್ನುವುದು ಚರ್ಚಿನ ಸುತ್ತಲಿನ ಹಳೇ ಸ್ಮಶಾನ. ಹಗಲು ಬಿಟ್ಟಿ ಪ್ರವೇಶ. ಕೆಲವು ಗೋರಿಗಳ ಮೇಲೆ ಕೋಳಿಗೂಡಿನ ಥರ ಕಬ್ಬಿಣದ ಪಂಜರ ಕಾಣುತ್ತದೆ. ದೆವ್ವ ಹೊರಗೆ ಬರಬಾರದು ಅಂತ ಹಾಕಿದ್ದು ಅಂದುಕೊಂಡೆ. ಉಲ್ಟಾ. ಕಳ್ಳರು ಒಳಗೆ ಹೋಗಬಾರದು ಅಂತ ಹಾಕಿದ್ದು. ಆ ಕಾಲದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಹೆಣಗಳು ಬೇಕಿದ್ದವು, ಹೂತ ಹೆಣ ಅಗೆದು ಮಾರುವುದು ಕಸುಬಾಗಿತ್ತು. ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಅಗೆಯುವ ಶ್ರಮವೂ ಬೇಡವೆಂದು ಜನರನ್ನು ಕೊಂದೇ ಮಾರಿದರು. ಒಟ್ಟು 16 ಕೊಲೆ. 1829ರಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿ, ಅವನ ಹೆಣವನ್ನೂ ಕೊಯ್ದು ಪಾಠ ಮಾಡಿದರು. ಅವನ ಅಸ್ಥಿಪಂಜರ ಇವತ್ತಿಗೂ ಅಲ್ಲಿನ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ.

ಸ್ಮಶಾನದ ಒಂದು ಮೂಲೆಗೆ ಬೀಗ ಹಾಕಿದ ಗೇಟು. ಅದರ ಹೆಸರು ಕವೆನಂಟರ್ಸ್ ಪ್ರಿಸನ್. ರಾಜನ ಧರ್ಮಾಜ್ಞೆ ಒಪ್ಪದ ಸುಮಾರು 1,200 ಮಂದಿಯನ್ನು 1679ರಲ್ಲಿ ಇಲ್ಲೇ ಪಕ್ಕದ ಬಯಲಲ್ಲಿ ಕೂಡಿಹಾಕಿದ್ದರು. ಅವರ ಮೇಲೆ ಕೇಸು ನಡೆಸಿದ ಸರ್ಕಾರಿ ವಕೀಲ ಜಾರ್ಜ್ ಮೆಕೆಂಜಿ. ವಿಚಿತ್ರ ಏನೆಂದರೆ, ಸತ್ತ ಮೇಲೆ ಅವನನ್ನು ಹೂತದ್ದೂ ಇದೇ ಸ್ಮಶಾನದಲ್ಲಿ, ಅವರಿಂದ ಕೂಗಳತೆಯಲ್ಲಿ. 1990ರ ದಶಕದ ಕೊನೆಯಲ್ಲಿ ಮನೆಯಿಲ್ಲದ ಒಬ್ಬ ಮನುಷ್ಯ ಮಳೆಗೋ ಚಳಿಗೋ ಮೆಕೆಂಜಿಯ ಸಮಾಧಿ ಮಂಟಪದೊಳಗೆ ನುಗ್ಗಿದ. ಅಲ್ಲಿಂದ ಶುರು. ಯಾರೋ ಪರಚಿದರು, ತಳ್ಳಿದರು, ಪ್ರಜ್ಞೆ ತಪ್ಪಿತು ಅಂತ ದೂರುಗಳು ಬರತೊಡಗಿದವು. ನಗರಸಭೆ ಆ ಭಾಗಕ್ಕೆ ಬೀಗ ಜಡಿಯಿತು. ಈಗ ಗೈಡ್ ಜೊತೆ ರಾತ್ರಿಯ ನಡಿಗೆಗೆ ದುಡ್ಡು ಕಟ್ಟಿದವರಿಗೆ ಮಾತ್ರ ಬಾಗಿಲು. ದೆವ್ವಕ್ಕೆ ಬೀಗ ಹಾಕಿ ಬೀಗದ ಕೈ ಬಾಡಿಗೆಗೆ ಕೊಡುವುದು ಒಳ್ಳೇ ವ್ಯಾಪಾರ, ಅಲ್ವಾ?

ಎರಡನೆಯದು ಮೇರಿ ಕಿಂಗ್ಸ್ ಕ್ಲೋಸ್. ಕ್ಲೋಸ್ ಅಂದರೆ ಓಣಿ. 1645ರ ಪ್ಲೇಗಿನಲ್ಲಿ ನರಳಿದ ಓಣಿ ಇದು. 1753ರಲ್ಲಿ ಇದರ ತಲೆ ಮೇಲೆಯೇ ದೊಡ್ಡ ಕಟ್ಟಡ ಎದ್ದಿತು. ಮೇಲಿನ ಅಂತಸ್ತುಗಳನ್ನು ಕೆಡವಿ, ಕೆಳಗಿನ ಮನೆಗಳನ್ನೇ ಪಾಯ ಮಾಡಿಕೊಂಡರು. ಹಾಗಾಗಿ ಓಣಿ ಹಾಗೇ ನೆಲದಡಿ ಉಳಿದಿದೆ. 2003ರಿಂದ ಜನರಿಗೆ ತೆರೆದಿದೆ. ಅಲ್ಲಿ ಒಂದು ಚಿಕ್ಕ ಕೋಣೆ. 1992ರಲ್ಲಿ ಜಪಾನಿನಿಂದ ಬಂದ ಒಬ್ಬ ಮಹಿಳೆ, ತನಗೆ ಇಲ್ಲಿ ಪುಟ್ಟ ಹುಡುಗಿ ಕಾಣುತ್ತಿದ್ದಾಳೆ, ಬೊಂಬೆ ಕಳೆದುಕೊಂಡು ಅಳುತ್ತಿದ್ದಾಳೆ ಎಂದಳಂತೆ. ಹೋಗಿ ಒಂದು ಬೊಂಬೆ ತಂದಿಟ್ಟಳು. ಅವತ್ತಿನಿಂದ ಬಂದವರೆಲ್ಲ ಇಡುತ್ತಿದ್ದಾರೆ. ಮೂಲೆಯಲ್ಲಿ ಬೊಂಬೆಗಳ ರಾಶಿ, ಕರಡಿ ಮರಿ, ಪುಟ್ಟ ಕಾರು, ಯಾವುದೋ ದೇಶದ ನಾಣ್ಯ. ನಮ್ಮ ಜೊತೆಯಿದ್ದವರು ಕಿಸಿಕಿಸಿ ನಗುತ್ತಿದ್ದರು. ಅಮ್ಮ ಬ್ಯಾಗಿನ ಜಿಪ್ಪು ಎಳೆದು, ತಂಗಿಯ ಮಗಳಿಗೆ ಅಂತ ತೆಗೆದುಕೊಂಡಿದ್ದ ಕ್ಲಿಪ್ಪಿನ ಪಟ್ಟಿಯಿಂದ ಒಂದನ್ನು ಬಿಡಿಸಿ ಇಟ್ಟರು. "ಸುಳ್ಳೇ ಇರಲಿ, ಮಗು ಅಲ್ವಾ" ಅಂದರು. ಕತೆ ಸುಳ್ಳಿರಬಹುದು. ಆದರೆ ಆ ಪ್ಲೇಗಿನಲ್ಲಿ ಸತ್ತ ಮಕ್ಕಳು ಸುಳ್ಳಲ್ಲ.

ಮೂರನೆಯದು ಸೌತ್ ಬ್ರಿಜ್ ಕೆಳಗಿನ ವಾಲ್ಟ್‌ಗಳು. 1788ರಲ್ಲಿ ತೆರೆದ 19 ಕಮಾನುಗಳ ಸೇತುವೆ. ಎರಡೂ ಬದಿ ಕಟ್ಟಡ ಎದ್ದು ಈಗ ಒಂದೇ ಕಮಾನು ಹೊರಗೆ ಕಾಣುತ್ತದೆ, ಮಿಕ್ಕವು ಕತ್ತಲೆ ಕೋಣೆಗಳಾಗಿವೆ. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಇಲ್ಲಿ ಜನರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದರು. 2003ರಲ್ಲಿ ಅದು ಪ್ರಕಟವಾಯಿತು. ಯಾವ ಕೋಣೆಗೆ ದೆವ್ವದ ಹೆಸರಿದೆ ಅಂತ ಗೊತ್ತಿಲ್ಲದವರಿಗೂ ಅದೇ ಕೋಣೆಗಳಲ್ಲಿ ಹೆಚ್ಚು ಕಸಿವಿಸಿ ಆಗಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಕೋಣೆಯ ಎತ್ತರ, ಬೆಳಕಿನ ವ್ಯತ್ಯಾಸ, ಇಂಥವು. ಅಂದರೆ ಭಯ ನಿಜ, ದೆವ್ವ ಬೇಕಿಲ್ಲ. ನನ್ನಂಥವರಿಗೆ ಸಮಾಧಾನದ ಮಾತು.

ಈಗ ತೊಂದರೆಗಳು. ಎಡಿನ್‌ಬರೋದಲ್ಲಿ ಹತ್ತಾರು ಘೋಸ್ಟ್ ವಾಕ್ ಇವೆ, ಎಲ್ಲವೂ ಒಂದೇ ಅಲ್ಲ. ನಾವು ಬೀದಿಯಲ್ಲಿ ಕೊಟ್ಟ ಚೀಟಿ ನೋಡಿ ಒಂದಕ್ಕೆ ಸೇರಿದೆವು. ಹೆಸರು ಬೇಡ. ಕೊನೆಯಲ್ಲಿ ದೀಪ ಆರಿಸಿ, ಮುಖವಾಡದವನೊಬ್ಬ ಅಮ್ಮನ ಕಿವಿಯ ಹತ್ತಿರ ಕಿರುಚಿದ. ಅಮ್ಮ ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ನಟರು ಹೆದರಿಸುತ್ತಾರಾ, ಬರೀ ಕತೆ ಹೇಳುತ್ತಾರಾ? ಮಕ್ಕಳಿಗೆ ವಯಸ್ಸಿನ ಮಿತಿ ಎಷ್ಟು ಅಂತಲೂ ಕೇಳಿ. ನೆಲ ಎಲ್ಲಾ ಕಡೆ ಉರುಟು ಕಲ್ಲು, ಮೆಟ್ಟಿಲು ಜಾಸ್ತಿ. ಗೈಡ್‌ಗಳ ಸ್ಕಾಟಿಷ್ ಉಚ್ಚಾರಣೆ ಮೊದಲ ಕಾಲು ಗಂಟೆ ನನಗೂ ತಲೆಗೆ ಹೋಗಲಿಲ್ಲ.

ಇನ್ನೊಂದು ತೊಂದರೆ ನಮ್ಮದೇ. ಸ್ಮಶಾನ ಅಲ್ಲಿಯವರಿಗೆ ಪಾರ್ಕು. ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ನಾವು ಹೋಟೆಲ್ಲಿಗೆ ಮರಳಿದ್ದು ರಾತ್ರಿ ಹತ್ತೂವರೆಗೆ. ಅಮ್ಮ ಬಾಗಿಲಲ್ಲೇ ನಿಂತು, "ತಲೆಗೆ ಸ್ನಾನ ಮಾಡದೆ ಹಾಸಿಗೆ ಮುಟ್ಟಬೇಡಿ" ಅಂತ ಅಪ್ಪಣೆ ಕೊಟ್ಟರು. ನಾಲ್ಕು ಜನ, ಒಂದು ಬಚ್ಚಲು, ಹತ್ತು ಡಿಗ್ರಿ ಚಳಿ. ಮನೆಯಲ್ಲಿ ಹಿರಿಯರು ಇಂಥದ್ದನ್ನು ಪಾಲಿಸುವವರಾದರೆ ಸ್ಮಶಾನ ಬಿಟ್ಟು ಓಣಿ ಮಾತ್ರ ನೋಡಿ. ಇಲ್ಲವೇ ಸ್ಮಶಾನಕ್ಕೆ ಸಂಜೆ ನಾಲ್ಕಕ್ಕೇ ಹೋಗಿ ಬನ್ನಿ.

ಕತ್ತಲೆ ಬೇಕಾದರೆ ದಸರಾ ರಜೆಯೇ ಸರಿ. ಅಕ್ಟೋಬರ್ ಮಧ್ಯದಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಹೊತ್ತು ಮುಳುಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಒಂಬತ್ತಕ್ಕೆಲ್ಲ ಮಲಗಿಸಬಹುದು.

ಲಂಡನ್ ಟವರ್: ದಾರಿಯಲ್ಲಿ ಸಿಗುವುದು

ಲಂಡನ್‌ನಿಂದ ಎಡಿನ್‌ಬರೋಗೆ ರೈಲಿನಲ್ಲಿ ನಾಲ್ಕೂವರೆ ಗಂಟೆ. ನಾಲ್ಕೇ ದಿನದ ಪ್ರವಾಸವಾದರೆ ಅಷ್ಟು ದೂರ ಹೋಗುವುದು ದಂಡ. ಆಗ ಟವರ್ ನೋಡಿ. ದೊಡ್ಡವರಿಗೆ 35 ಪೌಂಡ್ ಆಸುಪಾಸು. ಇದು ದುಬಾರಿಯೇ. ಆದರೆ ಕಡುನೀಲಿ-ಕೆಂಪು ಉಡುಪಿನ ಬೀಫ್‌ಈಟರ್ ಕಾವಲುಗಾರರು ಕರೆದುಕೊಂಡು ಹೋಗಿ ಕತೆ ಹೇಳುವುದು ಇದೇ ಟಿಕೆಟ್ಟಿನಲ್ಲಿ ಸೇರಿದೆ. ಅವರು ಹೇಳುವಷ್ಟು ಚೆನ್ನಾಗಿ ದುಡ್ಡು ಕೊಟ್ಟ ಗೈಡ್‌ಗಳೂ ಹೇಳುವುದಿಲ್ಲ.

1536ರಲ್ಲಿ ರಾಣಿ ಆನ್ ಬೊಲಿನ್‌ಳ ತಲೆ ಕಡಿದದ್ದು ಇದರ ಒಳಗೇ. ಅವಳೇ ಇಲ್ಲಿನ ಹೆಸರಾಂತ ದೆವ್ವ. 1483ರಲ್ಲಿ ಒಳಗೆ ಹೋಗಿ ಹೊರಗೆ ಬಾರದ ಇಬ್ಬರು ಎಳೆಯ ರಾಜಕುಮಾರರ ಕತೆ ಅದಕ್ಕಿಂತ ಕರುಳು ಹಿಂಡುತ್ತದೆ. ಆದರೆ ಭಯ ಆಗುತ್ತಾ? ಇಲ್ಲ. ಹಗಲು ಹೊತ್ತು, ಜಾತ್ರೆಯಂಥ ಜನ, ಶಾಲೆ ಮಕ್ಕಳು, ಸೆಲ್ಫಿ ಕೋಲು. ಕೊಹಿನೂರ್ ಇರುವುದೂ ಇಲ್ಲೇ. ನಮ್ಮವರು ಅದರ ಮುಂದೆ ಬಂದಾಗ ಆನ್ ಬೊಲಿನ್‌ಳನ್ನು ಮರೆತು ಬೇರೆಯೇ ಮಾತು ಶುರು ಮಾಡುತ್ತಾರೆ. ರಾತ್ರಿ ಒಳಗೆ ಹೋಗಬೇಕಾದರೆ ಒಂದು ದಾರಿ ಇದೆ. ಬೀಗ ಹಾಕುವ ಶಾಸ್ತ್ರವೊಂದು ದಿನಾ ಹತ್ತು ಗಂಟೆಯ ಹೊತ್ತಿಗೆ ನಡೆಯುತ್ತದೆ. ಅದರ ಟಿಕೆಟ್ ಅಗ್ಗ, ಆದರೆ ಬಹಳ ಮೊದಲೇ ಮುಗಿದುಹೋಗಿರುತ್ತದೆ.

ಎಂಟು ವರ್ಷದ ಮಗಳಿರುವ ಗೆಳೆಯನಿಗೆ ನಾನು ಹೇಳಿದ್ದು ಹೀಗೆ. ಸ್ಕಾಟ್ಲೆಂಡಿನ ಬೆಟ್ಟ, ಸರೋವರ ನೋಡುವ ಮನಸ್ಸೂ ಇದ್ದರೆ ಎಡಿನ್‌ಬರೋಗೆ ಹೋಗು, ಮಗಳಿಗೆ ಮೇರಿ ಕಿಂಗ್ಸ್ ಕ್ಲೋಸ್ ಸಾಕು. ಬರೀ ದೆವ್ವಕ್ಕಾಗಿಯಾದರೆ ರೈಲು ಹತ್ತಬೇಡ, ಟವರ್ ನೋಡಿಕೊಂಡು ಬಾ.

ಸ್ಯಾನ್ ಹೋಸೆಯ ವಿಂಚೆಸ್ಟರ್ ಮನೆ: ಅಪ್ಪ ಅಮ್ಮ ಬಂದಾಗ

ಸನ್ನಿವೇಲ್, ಸ್ಯಾನ್ ಹೋಸೆ ಎಲ್ಲ ಸೇರಿದ ಅಮೆರಿಕದ ಬೇ ಏರಿಯಾದಲ್ಲಿ ಕನ್ನಡದವರ ಮನೆ ಎಷ್ಟಿವೆಯೋ, ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ವಾರಾಂತ್ಯ ಏನು ತೋರಿಸುವುದು ಅನ್ನುವ ತಲೆನೋವೂ ಅಷ್ಟೇ ಇದೆ. ಗೋಲ್ಡನ್ ಗೇಟ್ ಆಯಿತು, ದೇವಸ್ಥಾನ ಆಯಿತು, ಆಮೇಲೆ? ಈ ಮನೆ ದೊಡ್ಡ ಮಾಲ್‌ಗಳ ಮಗ್ಗುಲಲ್ಲೇ ಇದೆ. ಅಡ್ಡದಾರಿ ಖರ್ಚು ಸೊನ್ನೆ. ಟಿಕೆಟ್ 40 ಡಾಲರ್ ಮೇಲೆ.

ಬಂದೂಕು ತಯಾರಿಸುವ ವಿಂಚೆಸ್ಟರ್ ಮನೆತನದ ವಿಧವೆ ಸೇರಾ. ಮಗು ಹೋಯಿತು, ಗಂಡನೂ ಹೋದ. 1886ರಲ್ಲಿ ಇಲ್ಲಿಗೆ ಬಂದು ಒಂದು ತೋಟದ ಮನೆ ಕೊಂಡು, 1922ರಲ್ಲಿ ಸಾಯುವವರೆಗೂ ಕಟ್ಟಿಸುತ್ತಲೇ ಇದ್ದಳು ಅನ್ನುತ್ತಾರೆ. 160 ಕೋಣೆ, ಸುಮಾರು 10,000 ಕಿಟಕಿ ಗಾಜು. ಸೂರಿಗೆ ಹೋಗಿ ಬಡಿಯುವ ಮೆಟ್ಟಿಲಿದೆ. ಎರಡನೆಯ ಮಹಡಿಯಲ್ಲಿ ತೆರೆದರೆ ನೇರ ಹೊರಗೆ ಬೀಳುವ ಬಾಗಿಲಿದೆ. ಕತೆ ಏನೆಂದರೆ, ವಿಂಚೆಸ್ಟರ್ ಬಂದೂಕಿಗೆ ಬಲಿಯಾದವರ ಆತ್ಮಗಳು ಬೆನ್ನು ಹತ್ತಿದ್ದವು, ಅವಕ್ಕೆ ದಾರಿ ತಪ್ಪಿಸಲು ಹೀಗೆ ಕಟ್ಟಿಸಿದಳು ಅಂತ. ನಮ್ಮೂರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಸೀಮೆಸುಣ್ಣದಲ್ಲಿ ಬರೆದು ಮುಗಿಸಿದ ಕೆಲಸಕ್ಕೆ ಈಯಮ್ಮ 160 ಕೋಣೆ ಕಟ್ಟಿಸಿದಳು ಅನ್ನಿ.

ನನಗೆ ಇಷ್ಟವಾದದ್ದು ದೆವ್ವದ ಕತೆಯಲ್ಲ, ಅದರ ಕೆಳಗೆ ಅಡಗಿರುವ ಸಾದಾ ಕತೆ. ಆ ಮನೆಯಲ್ಲಿ ಒಂದು ಮೆಟ್ಟಿಲ ಸಾಲಿದೆ. 44 ಮೆಟ್ಟಿಲು, ಹಾವಿನ ಹಾಗೆ ತಿರುಗಿ ತಿರುಗಿ ಹೋಗುತ್ತದೆ, ಆದರೆ ಅಷ್ಟೂ ಹತ್ತಿದರೂ ಏರುವುದು ಒಂಬತ್ತು ಅಡಿ ಮಾತ್ರ. ಒಂದೊಂದು ಮೆಟ್ಟಿಲಿನ ಎತ್ತರ ಎರಡು ಎರಡೂವರೆ ಇಂಚು ಅಷ್ಟೇ. ಹುಚ್ಚು ಅನ್ನಿಸುತ್ತದೆ. ಸೇರಾಳಿಗೆ ಸಂಧಿವಾತ ಇತ್ತು, ಕಾಲು ಎತ್ತಿ ಇಡಲು ಆಗುತ್ತಿರಲಿಲ್ಲ ಅಂತ ಗೊತ್ತಾದ ಮೇಲೆ ಹುಚ್ಚು ಅನ್ನಿಸುವುದಿಲ್ಲ. ಎಲ್ಲಿಗೂ ಹೋಗದ ಬಾಗಿಲುಗಳಿಗೂ ಹೀಗೇ ಕಾರಣ ಇರಬಹುದು. 1906ರ ಭೂಕಂಪದಲ್ಲಿ ಏಳು ಅಂತಸ್ತಿನ ಗೋಪುರ ಬಿತ್ತು, ಮನೆಯ ಭಾಗಗಳು ಮುರಿದವು. ಅವಳು ಎಲ್ಲವನ್ನೂ ರಿಪೇರಿ ಮಾಡಿಸಲಿಲ್ಲ. ಇನ್ನು ಆತ್ಮಗಳ ಭಯಕ್ಕೇ ಕಟ್ಟಿಸಿದಳು ಅನ್ನುವುದಕ್ಕೆ ಅವಳ ಕೈಬರಹದ ಸಾಕ್ಷಿ ಯಾವುದೂ ಇಲ್ಲ. ಸತ್ತ ಮರುವರ್ಷವೇ, 1923ರಲ್ಲಿ, ಮನೆ ಟಿಕೆಟ್ಟಿಗೆ ತೆರೆಯಿತು. ದುಡ್ಡಿರುವ ಒಂಟಿ ಹೆಂಗಸು ಯಾರ ಜೊತೆಯೂ ಸೇರದೆ ತನಗೆ ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡರೆ ಊರಿನವರು ಏನು ಮಾತಾಡುತ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಭಯದ ಲೆಕ್ಕದಲ್ಲಿ ಇದಕ್ಕೆ ಕಡಿಮೆ ಅಂಕ. ಕುತೂಹಲದ ಲೆಕ್ಕದಲ್ಲಿ ಜಾಸ್ತಿ. ಯಾರೂ ಮೈಮೇಲೆ ಬಿದ್ದು ಕಿರುಚುವುದಿಲ್ಲ, ಇದು ಹಗಲಿನ ಮಾಮೂಲಿ ಪ್ರವಾಸದ ಮಾತು. ಒಂದು ಗಂಟೆ ಮೇಲೆ ನಿಂತು ನಡೆಯಬೇಕು, ಗುಂಪಿನಿಂದ ತಪ್ಪಿಸಿಕೊಂಡರೆ ದಾರಿ ಸಿಗುವುದಿಲ್ಲ, ಮಧ್ಯೆ ಕೂರಲು ಜಾಗ ಕಡಿಮೆ. ಆ ಪುಟ್ಟ ಮೆಟ್ಟಿಲು ಬಿಟ್ಟರೆ ಬೇರೆ ಕಡೆ ಮಾಮೂಲಿ ಮೆಟ್ಟಿಲೇ. ಮಂಡಿ ಪಟ್ಟಿ ಹಾಕಿಕೊಂಡೇ ಹೋಗಿ.

ಎರಡು ಜೈಲುಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ನ್ಯೂಜೆರ್ಸಿ ಕಡೆ ಇರುವವರಿಗೆ ಹತ್ತಿರದ್ದು ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ. 1829ರಿಂದ 1971ರವರೆಗೆ ಜೈಲು. ಒಂಟಿಯಾಗಿಟ್ಟರೆ ಮನುಷ್ಯ ತಾನೇ ಪಶ್ಚಾತ್ತಾಪ ಪಡುತ್ತಾನೆ ಅನ್ನುವ ನಂಬಿಕೆಯಿಂದ ಕಟ್ಟಿದ್ದು. ಒಬ್ಬನಿಗೆ ಒಂದು ಕೋಣೆ, ಸೂರಿನಲ್ಲಿ ಒಂದೇ ಬೆಳಕಿಂಡಿ. ಹೊರಗೆ ಕರೆತರುವಾಗ ಯಾರನ್ನೂ ನೋಡಬಾರದು ಅಂತ ತಲೆಗೆ ಮುಸುಕು. 1842ರಲ್ಲಿ ಇದನ್ನು ನೋಡಿದ ಚಾರ್ಲ್ಸ್ ಡಿಕನ್ಸ್, ಇದು ಕ್ರೂರ ಅಂತ ಬರೆದ. ಮೈ ಹಿಂಸೆಗಿಂತ ಮನಸ್ಸಿನ ಹಿಂಸೆ ಕೆಟ್ಟದ್ದು ಅನ್ನುವುದು ಅವನ ವಾದ. ಸುಣ್ಣ ಉದುರುವ ಆ ಉದ್ದನೆಯ ಪಡಸಾಲೆಯಲ್ಲಿ ನಿಂತರೆ ದೆವ್ವದ ಕತೆ ಬೇಕಾಗುವುದೇ ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ಸರಕು ಇವೆ, ಗೊಂದಲ ಮಾಡಿಕೊಳ್ಳಬೇಡಿ. ಹಗಲಿನ ಪ್ರವಾಸಕ್ಕೆ ಕಿವಿಗೆ ಆಡಿಯೋ ಗೈಡ್ ಕೊಡುತ್ತಾರೆ. ನಿಮ್ಮ ಪಾಡಿಗೆ ನಿಲ್ಲಿಸಿ, ಮತ್ತೆ ಕೇಳಿ, ಅಪ್ಪನಿಗೆ ಕನ್ನಡದಲ್ಲಿ ಹೇಳಬಹುದು. ಈ ಒಂದು ಅನುಕೂಲಕ್ಕೇ ನಾನು ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಶರತ್ಕಾಲದ ಹ್ಯಾಲೋವೀನ್ ರಾತ್ರಿಗಳು ಪೂರಾ ಬೇರೆ. ನಟರು, ಹೊಗೆ, ಕಿರುಚಾಟ. ಮೊದಲ ಥರದ ಭಯ ಬೇಕೆನ್ನುವ ಹುಡುಗರಿಗೆ ಹಬ್ಬ. ಅಪ್ಪ ಅಮ್ಮಂದಿರಿಗೆ ಬೇಡವೇ ಬೇಡ.

ಆಸ್ಟ್ರೇಲಿಯಾದಲ್ಲಿರುವವರಿಗೆ ಟ್ಯಾಸ್ಮೇನಿಯಾದ ಪೋರ್ಟ್ ಆರ್ಥರ್. ಹೋಬಾರ್ಟ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ಬ್ರಿಟನ್ನಿನ ಕೈದಿಗಳನ್ನು 1830ರಿಂದ 1877ರವರೆಗೆ ಇಟ್ಟ ಜಾಗ. ಮಾತಾಡಬಾರದು, ಮುಖ ಕಾಣಬಾರದು ಅನ್ನುವ ಅದೇ ಮುಸುಕಿನ ಪದ್ಧತಿ ಇಲ್ಲಿಗೂ ಬಂದಿತ್ತು. ಸಂಜೆ ಲಾಂದ್ರ ಹಿಡಿದು ಒಂದೂವರೆ ಗಂಟೆ ನಡೆಸುತ್ತಾರೆ. ಸುತ್ತ ಸಮುದ್ರ, ದೂರದವರೆಗೂ ದೀಪವಿಲ್ಲ. ಊರಿನ ಮಧ್ಯದ ದೆವ್ವಕ್ಕೂ ಇಲ್ಲಿನ ಕತ್ತಲೆಗೂ ಹೋಲಿಕೆಯೇ ಇಲ್ಲ. ಆದರೆ ರಾತ್ರಿ ಆ ರಸ್ತೆಯಲ್ಲಿ ವಾಪಸ್ ಬರುವಾಗ ಪ್ರಾಣಿಗಳು ಅಡ್ಡ ಬರುತ್ತವೆ. ಅಲ್ಲೇ ಉಳಿಯುವುದು ಒಳ್ಳೆಯದು, ಆ ಖರ್ಚೂ ಲೆಕ್ಕಕ್ಕೆ ಬರಲಿ. ಒಂದು ಮಾತು ನೆನಪಿರಲಿ. 1996ರ ಏಪ್ರಿಲ್‌ನಲ್ಲಿ ಇಲ್ಲೇ ಒಬ್ಬ ಬಂದೂಕುಧಾರಿ 35 ಜನರನ್ನು ಕೊಂದ. ಅವರ ನೆನಪಿಗೆ ತೋಟ ಇದೆ. ಸುಮ್ಮನೆ ಹೋಗಿ ನಿಂತು ಬನ್ನಿ. ಅಲ್ಲಿನ ಸಿಬ್ಬಂದಿಯನ್ನು ಅದರ ಬಗ್ಗೆ ಕೆದಕಬೇಡಿ. ಅದು ಅವರಿಗೆ ಕತೆಯಲ್ಲ.

ಕಡಿಮೆ ದುಡ್ಡಿನವರಿಗೆ: ಮಲೇಷ್ಯಾ, ಇಂಡೋನೇಷ್ಯಾ

ಆ ಇಬ್ಬರು ಹುಡುಗರಿಗೆ ಮೊದಲು ತೋರಿಸಿದ್ದು ವೀಸಾ ಲೆಕ್ಕ. ಬ್ರಿಟನ್ ವೀಸಾಕ್ಕೆ 100 ಪೌಂಡ್ ಮೇಲೆ, ಅದೂ ಸಿಗುವ ಖಾತ್ರಿ ಇಲ್ಲ. ಭಾರತದವರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನಕ್ಕೆ ವೀಸಾ ಕೇಳುತ್ತಿಲ್ಲ. ಈ ರಿಯಾಯಿತಿಗೆ ಗಡುವು ಇದೆ, ಬುಕ್ ಮಾಡುವ ಮೊದಲು ನೋಡಿಕೊಳ್ಳಿ. ಇಂಡೋನೇಷ್ಯಾದಲ್ಲಿ ಇಳಿದ ಮೇಲೆ 5 ಲಕ್ಷ ರುಪಯಾ ಕಟ್ಟಿದರೆ ವೀಸಾ. ಸಂಖ್ಯೆ ಕೇಳಿ ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಮೂರು ಸಾವಿರದ ಒಳಗೆ.

ಮಲೇಷ್ಯಾದಲ್ಲಿ ನೋಡಬೇಕಾದ್ದು ಪೆರಾಕ್ ರಾಜ್ಯದ ಕೆಲ್ಲೀಸ್ ಕ್ಯಾಸಲ್. ಕೌಲಾಲಂಪುರದಿಂದ ಇಪೋಗೆ ರೈಲಿನಲ್ಲಿ ಎರಡೂವರೆ ಗಂಟೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಪ್ರವೇಶಕ್ಕೆ ಕೆಲವೇ ರಿಂಗಿಟ್. ವಿಲಿಯಂ ಕೆಲ್ಲೀ ಸ್ಮಿತ್ ಎಂಬ ಸ್ಕಾಟ್ಲೆಂಡಿನ ರಬ್ಬರ್ ತೋಟದ ಧಣಿ 1915ರಲ್ಲಿ ದೊಡ್ಡ ಬಂಗಲೆ ಕಟ್ಟಿಸಲು ಶುರು ಮಾಡಿದ. ಇಟ್ಟಿಗೆ ಕೆಲಸದವರನ್ನು ಮದರಾಸಿನಿಂದ ಕರೆಸಿದ. ಮೊದಲ ಮಹಾಯುದ್ಧದ ಹೊತ್ತಿನ ಫ್ಲೂ ಬಂತು, ಕೂಲಿಗಳು ಸಾಲಾಗಿ ಸತ್ತರು. ಉಳಿದವರು ಅಮ್ಮನಿಗೆ ಗುಡಿ ಕಟ್ಟಿದರೆ ರೋಗ ಹೋಗುತ್ತದೆ ಅಂದರು. ಧಣಿ ಒಪ್ಪಿದ. ಹತ್ತಿರದಲ್ಲೇ ಮಾರಿಯಮ್ಮನ ಗುಡಿ ಎದ್ದಿತು. ಆ ಗುಡಿಯ ಮೇಲೆ ದೇವರ ಬೊಂಬೆಗಳ ಸಾಲಿನಲ್ಲಿ ಬಿಳೀ ಸೂಟು ಹಾಕಿದ ಒಬ್ಬ ದೊರೆ ನಿಂತಿದ್ದಾನೆ. ಅವನೇ ಇವನು. 1926ರಲ್ಲಿ ಲಿಸ್ಬನ್‌ಗೆ ಹೋದವನು ನ್ಯುಮೋನಿಯಾ ಆಗಿ ಸತ್ತ. ಬಂಗಲೆ ಅರ್ಧಕ್ಕೇ ನಿಂತಿತು. ಲಿಫ್ಟಿಗೆ ಅಂತ ಬಿಟ್ಟ ಗುಂಡಿ ಲಿಫ್ಟಿಲ್ಲದೆ ಹಾಗೇ ಇದೆ. ಧಣಿ ಇನ್ನೂ ಪಡಸಾಲೆಯಲ್ಲಿ ಓಡಾಡುತ್ತಾನೆ ಅನ್ನುತ್ತಾರೆ.

ಜಗತ್ತಿನ ಮುಕ್ಕಾಲು ದೆವ್ವದ ಕತೆಗಳಲ್ಲಿ ಧಣಿಗೆ ದೆವ್ವ ಆಗುವ ಯೋಗ ಇರುತ್ತದೆ, ಕೂಲಿಗೆ ಇರುವುದಿಲ್ಲ. ಇಲ್ಲಿ ಗುಡಿ ನೋಡದೆ ಬಂಗಲೆ ಮಾತ್ರ ನೋಡಿ ಬಂದರೆ ಅರ್ಧ ಕತೆ ಬಿಟ್ಟುಬಂದ ಹಾಗೆ. ಅಂದಹಾಗೆ ಬಂಗಲೆ ಸಂಜೆಗೇ ಮುಚ್ಚುತ್ತದೆ, ಕತ್ತಲೆಯ ಥ್ರಿಲ್ ಸಿಗುವುದಿಲ್ಲ. ಮಹಡಿಯ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಇಂಡೋನೇಷ್ಯಾದ್ದು ಜಾವಾ ದ್ವೀಪದ ಸೆಮರಾಂಗ್‌ನಲ್ಲಿರುವ ಲಾವಾಂಗ್ ಸೇವು. ಸಾವಿರ ಬಾಗಿಲು ಅಂತ ಅರ್ಥ. ಬಾಗಿಲು ಅಷ್ಟಿಲ್ಲ, ಉದ್ದುದ್ದ ಕಿಟಕಿಗಳನ್ನೂ ಜನ ಬಾಗಿಲ ಲೆಕ್ಕಕ್ಕೆ ಸೇರಿಸಿದ್ದಾರೆ. ಡಚ್ಚರ ರೈಲ್ವೆ ಕಂಪನಿ 1904ರಿಂದ 1907ರ ನಡುವೆ ಕಟ್ಟಿದ ಕಚೇರಿ. 1942ರಲ್ಲಿ ಜಪಾನಿಯರ ಕೈಗೆ ಬಂತು, ನೆಲಮಾಳಿಗೆ ಸೆರೆಮನೆಯಾಯಿತು. 1945ರ ಅಕ್ಟೋಬರ್‌ನಲ್ಲಿ ಐದು ದಿನದ ಕಾಳಗ ಇದರ ಸುತ್ತಲೇ ನಡೆಯಿತು. ಇಲ್ಲಿ ಓಡಾಡುತ್ತಾಳೆ ಅನ್ನುವ ಕುಂಟಿಲಾನಕ್ ಥೇಟ್ ನಮ್ಮ ಬಾಣಂತಿ ದೆವ್ವ: ಹೆರಿಗೆಯಲ್ಲಿ ಸತ್ತವಳು, ಬಿಳೀ ಬಟ್ಟೆ, ಬಿಚ್ಚಿದ ಕೂದಲು. ಟಿಕೆಟ್ ನೂರಿನ್ನೂರು ರೂಪಾಯಿ. ದೀಪ ಹಚ್ಚಿದ ಮೇಲೂ ತೆರೆದಿರುತ್ತದೆ. ನೆಲಮಾಳಿಗೆಗೆ ಬಿಡುತ್ತಾರೆ ಅಂತ ಮಾತ್ರ ನಂಬಿಕೊಂಡು ಹೋಗಬೇಡಿ. ತೊಂದರೆ ದಾರಿಯದ್ದು. ಬಾಲಿಗೆ ಹೋದವರು ಇದಕ್ಕಾಗಿ ಇನ್ನೊಂದು ವಿಮಾನ ಹಿಡಿಯಬೇಕು. ಬೊರೊಬುದೂರ್, ಪ್ರಂಬಾನನ್‌ನ ಪುರಾತನ ದೇವಾಲಯ ನೋಡಲು ಯೋಗ್ಯಕರ್ತಾಗೆ ಹೋಗುವವರಾದರೆ ಮೂರು ಗಂಟೆ ರಸ್ತೆ ಅಷ್ಟೇ, ಆಗ ತಪ್ಪಿಸಬೇಡಿ.

ಹುಡುಗರು ಮಲೇಷ್ಯಾ ಆರಿಸಿಕೊಂಡರು. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕು ಗಂಟೆ ದಾರಿ, ಇಪೋದಲ್ಲಿ ಊಟವೂ ಸೋವಿ. ಆದರೆ ಅವರ ಪಟ್ಟಿಯಲ್ಲಿ ಸಿಂಗಾಪುರದ ಹಳೇ ಚಾಂಗಿ ಆಸ್ಪತ್ರೆಯೂ ಇತ್ತು. ಅದನ್ನು ಹೊಡೆದುಹಾಕಿಸಿದೆ.

ಹೋಗಬಾರದವು

ಚಾಂಗಿ ಆಸ್ಪತ್ರೆ 1997ರಲ್ಲಿ ಮುಚ್ಚಿದೆ. ಬೇಲಿ ಹಾರಿದ ವಿಡಿಯೋಗಳು ಬೇಕಾದಷ್ಟಿವೆ. ಅದು ಅಕ್ರಮ ಪ್ರವೇಶ. ಸಿಂಗಾಪುರದಲ್ಲಿ ಕಾನೂನು ಮುರಿದು ಪ್ರವಾಸಿ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ವೆನಿಸ್ ಬಳಿಯ ಪೊವೇಲ್ಯಾ ದ್ವೀಪವೂ ಹಾಗೇ. ಪ್ಲೇಗಿನವರನ್ನು ಇಟ್ಟಿದ್ದರು ಅನ್ನುವ ಕತೆಗೆ ಹೆಸರುವಾಸಿ, ಮಾಮೂಲಿ ದೋಣಿ ಅಲ್ಲಿಗೆ ಹೋಗುವುದಿಲ್ಲ. ಕದ್ದು ಕರೆದುಕೊಂಡು ಹೋಗುತ್ತೇನೆ ಅನ್ನುವವನಿಗೆ ದುಡ್ಡು ಕೊಡಬೇಡಿ. ಸಿಕ್ಕಿಬಿದ್ದರೆ ಮುಂದಿನ ವೀಸಾ ಅರ್ಜಿಯಲ್ಲಿ ಅದೇ ದೆವ್ವ ಆಗಿ ಕಾಡುತ್ತದೆ.

ಜಪಾನಿನ ಆವೊಕಿಗಹರಾ ಕಾಡನ್ನು ಈ ಪಟ್ಟಿಗೆ ಸೇರಿಸಿಯೇ ಇಲ್ಲ. ಅಲ್ಲಿ ತಾವಾಗಿಯೇ ಜೀವ ಕಳೆದುಕೊಂಡವರ ಮನೆಯವರು ಇನ್ನೂ ಬದುಕಿದ್ದಾರೆ. ಫೂಜಿ ಬೆಟ್ಟದ ಬುಡದ ಕಾಡು ಅಂತ ಹಗಲಲ್ಲಿ ಗುರುತಿನ ಹಾದಿಯಲ್ಲಿ ನಡೆದು ಬನ್ನಿ, ಅದು ಬೇರೆ ಮಾತು. ದೆವ್ವ ಹುಡುಕಿಕೊಂಡು ಹೋಗುವುದು ಬೇಡ.

ದೊಡ್ಡಮ್ಮ ಹೋದ ತಿಂಗಳು ವಿಂಚೆಸ್ಟರ್ ಮನೆಗೆ ಹೋಗಿಬಂದರು. ಹಗಲು ಹನ್ನೊಂದರ ಟಿಕೆಟ್ ತೆಗೆಸಿದ್ದೆ. ರಾತ್ರಿ ವಿಡಿಯೋ ಕಾಲ್ ಮಾಡಿದರು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. "ದೆವ್ವ ಗಿವ್ವ ಏನೂ ಕಾಣಲಿಲ್ಲ ಕಣೋ. ಆದ್ರೆ ಆ ಪುಟ್ಟ ಪುಟ್ಟ ಮೆಟ್ಟಿಲು ಇದ್ಯಲ್ಲ, ಅಂಥದ್ದು ನಮ್ಮನೇಲೂ ಒಂದು ಮಾಡಿಸ್ಬೇಕು. ಮೇಸ್ತ್ರಿ ನಂಬರ್ ಇದ್ಯಾ ನಿನ್ ಹತ್ರ?"